ಅಡಿಕೆ ಸುಲಿಯುವ ಮನೆಯಲ್ಲಿ ಕೆಲಸಗಾರರ ನಂಬಿಕೆ ಗಳಿಸುವುದು ಹೇಗೆ

ಅಡಿಕೆ ಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಊರುಗಳಲ್ಲಿ ಹತ್ತಿಪ್ಪತ್ತು ಜನ ಒಂದೇ ಚಪ್ಪರದಡಿ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಕಾಯಿ ಸುಲಿಯುತ್ತಾರೆ. ಅವರ ಉಸ್ತುವಾರಿ ಹೊತ್ತವರಲ್ಲಿ ಹೆಚ್ಚಿನವರು ಮೊದಲು ಕೇಳುವುದು, ಜನರಿಗೆ ಕೆಲಸದಲ್ಲಿ ಹುರುಪು ತರುವುದು ಹೇಗೆ ಎಂದು. ಹಲವು ಸುಗ್ಗಿಗಳಲ್ಲಿ ಇದೇ ಕೆಲಸ ಮಾಡಿದ ಮೇಲೆ ನನಗೆ ಮನವರಿಕೆಯಾದುದೇನೆಂದರೆ, ಅದಕ್ಕೂ ಮೊದಲು ನಮ್ಮ ಲೆಕ್ಕವನ್ನು ಅವರು ನಂಬುತ್ತಾರೆಯೇ ಎಂದು ನೋಡಿಕೊಳ್ಳಬೇಕು. ಲೆಕ್ಕದ ಮೇಲೆ ನಂಬಿಕೆಯಿಲ್ಲದ ಕಡೆ ಬಹುಮಾನ ಕೊಟ್ಟರೂ ಹೊಗಳಿದರೂ ಜನರಿಗೆ ಅನುಮಾನವೇ ಹೆಚ್ಚುತ್ತದೆ.

ಸುಲಿದ ಅಡಿಕೆಯ ತೂಕದ ಮೇಲೆ ಕೂಲಿ ಕೊಡುವುದರಿಂದ ತಕ್ಕಡಿಯಿಂದ ಆರಂಭಿಸಿ. ನಾನು ಉಸ್ತುವಾರಿ ವಹಿಸಿಕೊಂಡ ಮೊದಲ ವರ್ಷ, ಬುಟ್ಟಿಯ ತೂಕವೆಂದು ಪ್ರತಿ ಸಲ 2 ಕಿಲೋ ಕಳೆಯುವ ಹಳೆಯ ರೂಢಿಯನ್ನೇ ಮುಂದುವರಿಸಿದ್ದೆ. ಒಂದು ಸಂಜೆ ಹಿರಿಯ ಹೆಂಗಸೊಬ್ಬರು ತೂಕ ಮುಗಿದ ಮೇಲೂ ಅಲ್ಲೇ ನಿಂತು, "ಅಣ್ಣ, ಬರೀ ಬುಟ್ಟೀನ ಒಂದ್ಸಲ ಇಡಿ, ನೋಡಾಣ" ಎಂದರು. ಇಟ್ಟಾಗ 1 ಕಿಲೋ 600 ಗ್ರಾಂ ತೋರಿಸಿತು. ಸುತ್ತ ಕುಳಿತವರ ಕೈಗಳು ನಿಂತಿದ್ದವು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಅವರೆಲ್ಲರಿಗೂ ಇದು ಮೊದಲೇ ಗೊತ್ತಿತ್ತೆಂದು ನನಗೆ ಆಗ ತಿಳಿಯಿತು. ಬುಟ್ಟಿಗೆ 400 ಗ್ರಾಮಿನಂತೆ ದಿನಕ್ಕೆ 3 ಬುಟ್ಟಿ ಸುಲಿದವರಿಗೆ 1 ಕಿಲೋ 200 ಗ್ರಾಂ, 60 ದಿನಕ್ಕೆ 72 ಕಿಲೋ ಕೂಲಿಯಿಲ್ಲದ ದುಡಿಮೆಯಾಗುತ್ತದೆ. ಆ ಸುಗ್ಗಿಯ ಬಾಕಿಯನ್ನು ಲೆಕ್ಕ ಹಾಕಿ ವಾರದೊಳಗೆ ಕೊಟ್ಟೆವು, ಆದರೂ ಅವರು ಮತ್ತೆ ಮನಸ್ಸು ಬಿಚ್ಚಿ ಮಾತನಾಡುವುದಕ್ಕೆ ಮುಂದಿನ ವರ್ಷದವರೆಗೆ ಕಾಯಬೇಕಾಯಿತು.

ಹಾಗಾಗಿ ಪ್ರತಿ ಬುಟ್ಟಿಯನ್ನೂ ಖಾಲಿಯಿರುವಾಗ ತೂಗಿ, ಅದರ ತೂಕವನ್ನು ಬಣ್ಣದಲ್ಲಿ ಅದರ ಮೇಲೆಯೇ ಬರೆಯಿಸಿ. ಹಸಿ ಬುಟ್ಟಿ ಭಾರ ಹೆಚ್ಚು ತೂಗುವುದರಿಂದ ನಡುನಡುವೆ ಮತ್ತೆ ತೂಗಿ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿಗಳು ಸುಲಿದವರ ಕಡೆಗೆ ಮುಖ ಮಾಡಿರಲಿ, ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದಿರಲಿ. ನಿಮ್ಮ ಪುಸ್ತಕದಲ್ಲಿ ಬರೆದ ತೂಕವನ್ನು ಅವರ ಕೈಯಲ್ಲಿರುವ ಚೀಟಿ ಪುಸ್ತಕದಲ್ಲೂ ಆಗಲೇ ಬರೆಯಿರಿ. ಮುಂಗಡ ಕೊಟ್ಟಿದ್ದರೆ ಅದನ್ನೂ ಅಲ್ಲಿಯೇ ನಮೂದಿಸಿ, ಏಕೆಂದರೆ ಸುಗ್ಗಿಯ ಕೊನೆಯಲ್ಲಿ ಜಗಳವಾಗುವುದು ಹೆಚ್ಚಾಗಿ ಮುಂಗಡದ ವಿಷಯಕ್ಕೇ. ಶನಿವಾರ ಬಟವಾಡೆ ಎಂದರೆ ಶನಿವಾರವೇ ಆಗಬೇಕು. ದುಡ್ಡು ಹೊಂದಿಸಲು ಆಗದಿದ್ದರೆ ಆ ಸಂಗತಿಯನ್ನು ಶುಕ್ರವಾರವೇ ತಿಳಿಸಿ.

ಸಂಸ್ಥೆಗಳಲ್ಲಿನ ನಂಬಿಕೆಯ ಬಗ್ಗೆ ಮೇಯರ್, ಡೇವಿಸ್ ಮತ್ತು ಸ್ಕೂರ್ಮನ್ ಎಂಬ ಸಂಶೋಧಕರು 1995ರಲ್ಲಿ ಬರೆಯುತ್ತ, ಒಬ್ಬರ ಮೇಲೆ ನಂಬಿಕೆ ಹುಟ್ಟಲು ಅವರ ಸಾಮರ್ಥ್ಯ, ನಮ್ಮ ಹಿತದ ಬಗ್ಗೆ ಅವರಿಗಿರುವ ಕಾಳಜಿ, ನುಡಿದಂತೆ ನಡೆಯುವ ಪ್ರಾಮಾಣಿಕತೆ ಎಂಬ ಮೂರು ಕಾರಣಗಳನ್ನು ಗುರುತಿಸಿದರು. ತಕ್ಕಡಿ ಮತ್ತು ಬಟವಾಡೆ ಮೂರನೆಯದಕ್ಕೆ ಸೇರಿದವು. ಸಾಮರ್ಥ್ಯದ ಬಗ್ಗೆ ಹೇಳುವುದಾದರೆ, ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಗಾಢ ರಸ) ಹಾಕಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಒಂದು ವಾರವಾದರೂ ನೀವೇ ನಿಂತಿರಬೇಕು. ಹದ ಗೊತ್ತಿಲ್ಲದವರು ಹದದ ಬಗ್ಗೆ ಗದರಿದರೆ ಯಾರೂ ಕಿವಿಗೊಡುವುದಿಲ್ಲ. ಕಾಳಜಿ ತೋರಿಸುವುದು ಕಷ್ಟವೇನಲ್ಲ. ದಿನವಿಡೀ ಬಗ್ಗಿ ಕೂರುವವರಿಗೆ ಒರಗಲು ಆಸರೆ, ಕತ್ತಿಯ ಮೇಲೆ ಸರಿಯಾಗಿ ಬೀಳುವ ಬೆಳಕು, ರಾತ್ರಿ ಕೆಲಸ ಮುಗಿಸಿದ ಹೆಂಗಸರನ್ನು ಮನೆಯ ಬಾಗಿಲವರೆಗೆ ಬಿಟ್ಟುಬರುವ ಗಾಡಿ ಇಷ್ಟಿದ್ದರೆ ಅವರಿಗೆ ಅದು ತಾನಾಗಿಯೇ ಅರ್ಥವಾಗುತ್ತದೆ.

ಇಷ್ಟಾದ ಮೇಲೆ ಹುರುಪಿನ ಮಾತು. ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಅವರು ಅಮೆರಿಕದ ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತನಾಡಿಸಿ 1959ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಂಬಳ ಮತ್ತು ಕೆಲಸದ ಸೌಕರ್ಯಗಳು ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ಆದರೆ ಅವು ಸರಿಯಾದ ಮಾತ್ರಕ್ಕೆ ಉತ್ಸಾಹ ಬಂದುಬಿಡುವುದಿಲ್ಲ; ಉತ್ಸಾಹ ಬರುವುದು ಸಾಧನೆ, ಮನ್ನಣೆ ಮತ್ತು ಜವಾಬ್ದಾರಿಯಿಂದ. ಕಚೇರಿಯ ಜನರ ಬಗ್ಗೆ ಹೇಳಿದ ಮಾತು ಕೂಲಿಯವರಿಗೆ ಪೂರ್ತಿ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಸುಗ್ಗಿಯ ದುಡಿಮೆಯಲ್ಲಿ ವರ್ಷದ ಖರ್ಚು ತೂಗಿಸುವವರಿಗೆ ಕೂಲಿಯೇ ಮೊದಲನೆಯದು. ಆದರೂ ಜವಾಬ್ದಾರಿಯ ವಿಷಯದಲ್ಲಿ ಹರ್ಜ್‌ಬರ್ಗ್ ಅವರ ಮಾತು ನಿಜ. ಅಡಿಕೆಯನ್ನು ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಾಗಿ ವಿಂಗಡಿಸುವ ಕೆಲಸವನ್ನು ಅನುಭವಿಗಳಿಗೆ ಒಪ್ಪಿಸಿ, ಅವರ ತೀರ್ಮಾನದ ಮೇಲೆ ಮತ್ತೆ ಕೈಯಾಡಿಸದೆ ಬಿಡಿ. ಮಂಡಿಯಿಂದ ಬಂದ ದರದ ಚೀಟಿಯನ್ನು ಅವರಿಗೂ ತೋರಿಸಿದರೆ ತಾವು ಆರಿಸಿದ ಮಾಲಿಗೆ ಸಿಕ್ಕ ಬೆಲೆ ಅವರಿಗೆ ಕಾಣುತ್ತದೆ. ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಾಗುವುದಿಲ್ಲ.

ತಪ್ಪಾದಾಗ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದನ್ನು ಎಲ್ಲರೂ ಗಮನಿಸುತ್ತಿರುತ್ತಾರೆ. ಆಸ್ಪತ್ರೆಗಳ ತಂಡಗಳನ್ನು ಅಭ್ಯಾಸ ಮಾಡಿದ ಏಮಿ ಎಡ್ಮಂಡ್ಸನ್ ಅವರಿಗೆ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ವರದಿಯಾಗುವುದು ಕಂಡುಬಂದಿತು. ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಜನ ಹೆದರುತ್ತಿರಲಿಲ್ಲ ಎಂಬುದು ಅವರು ಕಂಡ ಕಾರಣ. ಅಂಗಳದಲ್ಲಿ ಹರಡಿದ ಅಡಿಕೆ ಅಕಾಲದ ಮಳೆಗೆ ನೆಂದು, ಯಾರೋ ಹೆದರಿ ಅದನ್ನು ಒಣಗಿದ ಅಡಿಕೆಯ ಜೊತೆ ಸೇರಿಸಿಬಿಟ್ಟರೆ ಬೂಷ್ಟು ಹಿಡಿದು ಇಡೀ ಚೀಲವೇ ಹಾಳಾಗುತ್ತದೆ. "ಯಾರು ಮಾಡಿದ್ದು?" ಎಂದು ಕೇಳುವ ಬದಲು "ಎಷ್ಟು ನೆಂದಿದೆ, ಎಲ್ಲಿಟ್ಟಿದ್ದೀರಿ?" ಎಂದು ಕೇಳಿ, ಮೊದಲು ಆ ಅಡಿಕೆಯನ್ನು ಬೇರೆ ಮಾಡಿಸಿ. ಬೇಸರವಿದ್ದರೆ ಮರುದಿನ, ಒಬ್ಬರನ್ನೇ ಕರೆದು ಮಾತನಾಡಿ.

ಈಗ ಎಲ್ಲರ ಮನಸ್ಸಿನಲ್ಲಿರುವುದು ಸುಲಿಯುವ ಯಂತ್ರದ ಭಯ. ಯಂತ್ರ ತರುವುದಿದ್ದರೆ ಅದು ಲಾರಿಯಿಂದ ಇಳಿಯುವ ದಿನವೇ ಜನರಿಗೆ ಮೊದಲ ಸಲ ಗೊತ್ತಾಗುವಂತೆ ಮಾಡಬೇಡಿ. ಎಷ್ಟು ಜನರಿಗೆ ಬೇಯಿಸುವ, ಹರಡುವ, ವಿಂಗಡಿಸುವ ಕೆಲಸ ಉಳಿಯುತ್ತದೆ, ಎಷ್ಟು ಜನರಿಗೆ ಉಳಿಯುವುದಿಲ್ಲ ಎಂಬುದನ್ನು ಕೂರಿಸಿಕೊಂಡು ನೇರವಾಗಿ ಹೇಳಿ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುವವರೆಗೆ ಅಲ್ಲಿಂದ ಏಳಬೇಡಿ. ಆ ಮಾತು ಆಯುಧಪೂಜೆಗೆ ಮುಂಚೆಯೇ ಆಗಬೇಕು. ಕೊಯ್ಲು ಶುರುವಾದ ಮೇಲೆ ಹೇಳಿದರೆ ಬೇರೆ ಮನೆಯ ಕೆಲಸ ಹಿಡಿಯಲು ಅವರಿಗೆ ಸಮಯ ಉಳಿದಿರುವುದಿಲ್ಲ.