ಆಸ್ಪತ್ರೆ ಬಿಲ್ಲಿಗೆ ಶಾಸಕರ ಪತ್ರ: ಯಾವಾಗ ಕೇಳಬೇಕು, ಏನೇನು ಒಯ್ಯಬೇಕು

ಬೆಳಗಾಗುತ್ತಲೇ ಶಾಸಕರ ಮನೆ ಮುಂದೆ ಪ್ಲಾಸ್ಟಿಕ್ ಕವರ್ ಹಿಡಿದು ನಿಲ್ಲುವವರಲ್ಲಿ ಬಹಳ ಮಂದಿಗೆ ಆ ಹೊತ್ತಿಗಾಗಲೇ ತಡವಾಗಿರುತ್ತದೆ. ರೋಗಿಯನ್ನು ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಸೇರಿಸಿ, ಒಡವೆ ಅಡವಿಟ್ಟು ಹಣ ಕಟ್ಟಿ, ಡಿಸ್ಚಾರ್ಜ್ ಕೂಡ ಮಾಡಿಸಿರುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ನಗದುರಹಿತ ಯೋಜನೆ, ಚಿಕಿತ್ಸೆಯ ಹಣವನ್ನು ಸರ್ಕಾರವೇ ನೇರ ಆಸ್ಪತ್ರೆಗೆ ಕೊಡುತ್ತದೆ. ಅದರಡಿ ಆಗಬಹುದಾಗಿದ್ದ ಆಪರೇಷನ್ನಿಗೆ ಕೈಯಿಂದ ಕೊಟ್ಟ ದುಡ್ಡು ಅಲ್ಲಿಂದ ವಾಪಸ್ ಬರುವುದಿಲ್ಲ. ಆಮೇಲೆ ಉಳಿಯುವ ದಾರಿ ಮುಖ್ಯಮಂತ್ರಿ ಪರಿಹಾರ ನಿಧಿ, ಶಾಸಕರ ಪತ್ರ ಅದರ ಅರ್ಜಿಯ ಜೊತೆಗೆ. ಅದು ಹಕ್ಕಲ್ಲ, ನೆರವು. ಪೂರ್ತಿ ಬಿಲ್ಲು ಸಿಗುತ್ತದೆಂದು ಲೆಕ್ಕ ಹಾಕಲೇಬೇಡಿ. ಆದ್ದರಿಂದ ಶಾಸಕರ ಮನೆಗಿಂತ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ.

ಮೊದಲ ಹೆಜ್ಜೆ, ರೆಫರಲ್. ಆಯುಷ್ಮಾನ್ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು ತಾಲ್ಲೂಕು ಆಸ್ಪತ್ರೆಯ ತಜ್ಞ ವೈದ್ಯರನ್ನು ಕಾಣಿ. ಅಲ್ಲಿ ಆ ತಜ್ಞರಿಲ್ಲದಿದ್ದರೆ ಜಿಲ್ಲಾಸ್ಪತ್ರೆ, ನಮ್ಮ ಜಿಲ್ಲೆಯವರಿಗೆ ಅದು ಚಿಕ್ಕಬಳ್ಳಾಪುರದಲ್ಲಿದೆ. ಆ ಚಿಕಿತ್ಸೆ ತಮ್ಮಲ್ಲಿ ಆಗದು ಎಂದು ಅವರು ಬರೆದು ಕೊಟ್ಟರೆ ಮಾತ್ರ ಯೋಜನೆಗೆ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಖಾಸಗಿಯಲ್ಲಿ ಅಡ್ಮಿಟ್ ಆದ ಮೇಲೆ ರೆಫರಲ್ ಕೇಳಿದರೆ ಪ್ರಯೋಜನವಿಲ್ಲ. ಶಾಸಕರು ಫೋನ್ ಮಾಡಿದರೂ ವೈದ್ಯರು ಹಿಂದಿನ ತಾರೀಖು ಹಾಕಿ ಕೊಡುವಂತಿಲ್ಲ. ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿರುವುದಕ್ಕೆ ರೆಫರಲ್ ಬೇಡ, ಆದರೆ ಸೇರುವ ಆಸ್ಪತ್ರೆ ನೋಂದಾಯಿತವಾಗಿರಲೇಬೇಕು. ಒಳಗೆ ಕಾಲಿಡುತ್ತಲೇ ‘ಆರೋಗ್ಯ ಮಿತ್ರ ಎಲ್ಲಿದ್ದಾರೆ’ ಎಂದು ಕೇಳಿ, ಯೋಜನೆಯ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿರುವವರು ಅವರು. ಅನುಮಾನವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ.

ಹೃದಯದ ಆಪರೇಷನ್ನಿಗೆ ಸಾಲ ಎತ್ತುವ ಮುಂಚೆ ಇನ್ನೊಂದು ಮಾತು. ಬಾಗೇಪಲ್ಲಿ, ಗೌರಿಬಿದನೂರಿನವರಿಗೆ ಗಡಿಯಾಚೆಯ ಪುಟ್ಟಪರ್ತಿ ಹತ್ತಿರ. ಅಲ್ಲಿನ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಣ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಯಾರ ಪತ್ರವೂ ಬೇಡ.

ಎರಡನೆಯದು, ನಿಮ್ಮ ಶಾಸಕರು ಯಾರೆಂದು ಖಚಿತಪಡಿಸಿಕೊಳ್ಳಿ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ 5 ವಿಧಾನಸಭಾ ಕ್ಷೇತ್ರಗಳಿವೆ, ಅವುಗಳ ಗಡಿ ತಾಲ್ಲೂಕಿನ ಗಡಿಯಂತೆಯೇ ಇರುವುದಿಲ್ಲ. ಮಂಚೇನಹಳ್ಳಿ ಗೌರಿಬಿದನೂರು ತಾಲ್ಲೂಕಿನಲ್ಲಿದ್ದಾಗಲೂ ವಿಧಾನಸಭೆಗೆ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೇ ಸೇರಿತ್ತು. ವೋಟರ್ ಐಡಿ ಜೊತೆಗಿರಲಿ.

ಇನ್ನು ಕಾಗದಗಳು. ಅರ್ಜಿಗಳು ಮಣ್ಣಾಗುವುದು ಇಲ್ಲೇ, ಅದೂ ಆಸ್ಪತ್ರೆಯ ಕೌಂಟರಿನಲ್ಲೇ ಶುರುವಾಗುತ್ತದೆ. ಆಧಾರಿನಲ್ಲಿ ವೆಂಕಟಲಕ್ಷ್ಮಮ್ಮ ಇರುತ್ತದೆ. ರೋಗಿಯನ್ನು ಕರೆತಂದ ಮಗ ಗಾಬರಿಯಲ್ಲಿ ‘ಲಕ್ಷ್ಮಮ್ಮ’ ಅನ್ನುತ್ತಾನೆ, ಅಲ್ಲಿಂದ ಪ್ರತಿ ಬಿಲ್ಲಿನಲ್ಲೂ ಲಕ್ಷ್ಮಮ್ಮನೇ. ತೆಲುಗು, ಕನ್ನಡ ಎರಡೂ ಆಡುವ ನಮ್ಮ ಕಡೆ ಇಂಗ್ಲಿಷ್ ಸ್ಪೆಲ್ಲಿಂಗ್ ಇನ್ನೂ ಎರಡು ಬಗೆಯಾಗುತ್ತದೆ. ಹೆಸರು ಬಾಯಲ್ಲಿ ಹೇಳಬೇಡಿ, ಆಧಾರ್ ಕಾರ್ಡನ್ನೇ ಕೌಂಟರಿನ ಮೇಲಿಡಿ. ತಪ್ಪಾಗಿದ್ದರೆ ಡಿಸ್ಚಾರ್ಜ್‌ಗೆ ಮೊದಲೇ ಸರಿ ಮಾಡಿಸಿ. ಊರಿಗೆ ಬಂದ ಮೇಲೆ ಒಂದಕ್ಷರ ತಿದ್ದಿಸಲು ಮೂರು ಸಲ ಬೆಂಗಳೂರಿಗೆ ಅಲೆಯಬೇಕಾಗುತ್ತದೆ.

ಅಡ್ವಾನ್ಸ್ ಕಟ್ಟಿದ ರಸೀದಿ ಬಿಲ್ಲಲ್ಲ. ಸೀಲು, ಸಹಿ ಇರುವ ಫೈನಲ್ ಬಿಲ್ ಬೇಕು, ಡಿಸ್ಚಾರ್ಜ್ ಸಮ್ಮರಿ ಬೇಕು. ಔಷಧಿ ಬಿಲ್ಲಿನ ಮೇಲೆ ರೋಗಿಯ ಹೆಸರು, ಐಪಿ ನಂಬರ್ (ಅಡ್ಮಿಟ್ ಆದಾಗ ಆಸ್ಪತ್ರೆ ಕೊಡುವ ಸಂಖ್ಯೆ) ಎರಡೂ ಇರಬೇಕು. ಹೆಸರಿಲ್ಲದ ಮೆಡಿಕಲ್ ಸ್ಟೋರ್ ಚೀಟಿ ಯಾರದ್ದೂ ಆಗಬಹುದು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನುಣುಪು ಕಾಗದದ ಬಿಲ್ಲುಗಳನ್ನು ಅದೇ ದಿನ ಜೆರಾಕ್ಸ್ ಮಾಡಿಸಿ. ಅವು ಥರ್ಮಲ್ ಪೇಪರ್, ಕೆಲವು ತಿಂಗಳಲ್ಲಿ ಅಕ್ಷರ ಮಾಸುತ್ತದೆ. ಜೋಪಾನವಾಗಿರಲೆಂದು ಲ್ಯಾಮಿನೇಷನ್ ಮಾಡಿಸುವವರಿದ್ದಾರೆ. ಯಂತ್ರದ ಬಿಸಿಗೆ ಇಡೀ ಬಿಲ್ಲು ಕಪ್ಪಾಗುತ್ತದೆ, ಎಷ್ಟು ಗೋಗರೆದರೂ ಅದನ್ನು ಓದಲಾಗುವುದಿಲ್ಲ.

ಒಂದು ಬಿಳಿ ಹಾಳೆಯಲ್ಲಿ ತಾರೀಖು, ಬಿಲ್ ನಂಬರ್, ಮೊತ್ತ ಎಂದು ಮೂರು ಕಾಲಂ ಗೆರೆ ಹಾಕಿ ಎಲ್ಲ ಬಿಲ್ಲು ಬರೆದು ಕೂಡಿ. ಆ ಒಟ್ಟು ಮೊತ್ತ, ಅರ್ಜಿಯಲ್ಲಿರುವ ಮೊತ್ತ, ಶಾಸಕರ ಪತ್ರದಲ್ಲಿರುವ ಮೊತ್ತ ಮೂರೂ ಒಂದೇ ಆಗಿರಬೇಕು. ವಿಮೆಯಿಂದಲೋ ಇಎಸ್ಐನಿಂದಲೋ ಬಂದದ್ದಿದ್ದರೆ ಕಳೆದು ತೋರಿಸಿ, ಮುಚ್ಚಿಡಬೇಡಿ. ಮೂಲ ಬಿಲ್ಲುಗಳು, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಲಗತ್ತಿಸಿ. ಖಾತೆ ಚಾಲ್ತಿಯಲ್ಲಿದೆಯೇ ಎಂದು ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ. ಇಡೀ ಕಟ್ಟಿನ ಎರಡು ಜೆರಾಕ್ಸ್ ಸೆಟ್ ಮಾಡಿಸಿ, ಒಂದು ಮನೆಯಲ್ಲೇ ಇರಲಿ. ಜೆರಾಕ್ಸ್ ಅಂಗಡಿಯಲ್ಲಿ ಮಾರುವ ‘ಸಿಎಂ ಫಂಡ್ ಫಾರಂ’ ಕಟ್ಟು ಕೊಳ್ಳಬೇಡಿ. ಕೈಬರಹದ ಅಚ್ಚುಕಟ್ಟಾದ ಅರ್ಜಿಯೇ ಅದಕ್ಕಿಂತ ಮೇಲು.

ಶಾಸಕರ ಕಚೇರಿಯಲ್ಲಿ ಪಿಎ ಕೈಗೆ ಈ ಕಟ್ಟು ಕೊಡುವಾಗ, ಶಾಸಕರ ಪತ್ರ ಮುಖ್ಯಮಂತ್ರಿಗಳ ಹೆಸರಿಗೇ ಇರಲಿ, ಆಸ್ಪತ್ರೆ ಹೆಸರಿಗಲ್ಲ ಎಂದು ಹೇಳಿ. ‘ಬಡ ರೋಗಿ, ನೆರವು ನೀಡುವುದು’ ಎಂಬ ಒಂದು ಸಾಲಿನ ಪತ್ರ ಏನೂ ಹೇಳುವುದಿಲ್ಲ. ಆಧಾರಿನಲ್ಲಿರುವಂತೆ ಹೆಸರು, ಊರು, ಕಾಯಿಲೆ, ಆಸ್ಪತ್ರೆ, ಮೊತ್ತ ಇಷ್ಟೂ ಇರಬೇಕು. ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೇ ಹೋಗಿ, ಟೈಪ್ ಮಾಡುವವರ ಮುಂದಿಡಿ. ಸಹಿಯಾದ ಪತ್ರದ ಸಂಖ್ಯೆ, ದಿನಾಂಕ ಬರೆದುಕೊಳ್ಳಿ. ಇದ್ಯಾವುದಕ್ಕೂ ಶುಲ್ಕವಿಲ್ಲ. ಕಮಿಷನ್ ಕೇಳಿದವನ ಕೈಗೆ ಮೂಲ ಬಿಲ್ಲು ಕೊಡಬೇಡಿ. ಪ್ರಧಾನಮಂತ್ರಿ ನಿಧಿಗಾದರೆ ಪತ್ರ ಕೇಳಬೇಕಾದದ್ದು ಸಂಸದರನ್ನು, ಅದು ಬೇರೆ ದಾರಿ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಕೊಡಿ ಎಂದು ಹಟ ಹಿಡಿಯುವವರಿದ್ದಾರೆ. ಆ ಹಣದಲ್ಲಿ ಒಬ್ಬರ ಆಸ್ಪತ್ರೆ ಬಿಲ್ಲು ಕಟ್ಟಲು ಬರುವುದಿಲ್ಲ. ಆಂಬುಲೆನ್ಸ್, ಕಟ್ಟಡದಂಥ ಕೆಲಸಕ್ಕೆ ಅದು.

ಶಾಸಕರಿಂದ ನಿಜವಾಗಿ ಪಡೆಯಬೇಕಾದ ಕೆಲಸ ಇನ್ನೊಂದಿದೆ, ಅದನ್ನು ಕೇಳುವವರು ಕಡಿಮೆ. ತಾಲ್ಲೂಕು ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಗೆ ಶಾಸಕರೇ ಅಧ್ಯಕ್ಷರು, ಇಲಾಖೆಗಳ ಕೆಲಸದ ಪ್ರಗತಿ ನೋಡುವ ತಾಲ್ಲೂಕು ಕೆಡಿಪಿ ಸಭೆಗೂ ಅವರೇ. ಡಯಾಲಿಸಿಸ್ ಯಂತ್ರ ಕೆಟ್ಟಿದ್ದರೆ, ಅರಿವಳಿಕೆ ತಜ್ಞರಿಲ್ಲದೆ ಹೆರಿಗೆಗೆ ಬಂದವರನ್ನು ಬೇರೆಡೆ ಕಳಿಸುತ್ತಿದ್ದರೆ, ‘ಆಸ್ಪತ್ರೆ ಸರಿಯಿಲ್ಲ’ ಎಂದು ಬರೆಯಬೇಡಿ. ಯಾವ ಯಂತ್ರ, ಯಾವ ತಾರೀಖಿನಿಂದ, ಎಷ್ಟು ರೋಗಿಗಳು ವಾಪಸ್ ಹೋದರು ಎಂದು ಬರೆದು, ಹತ್ತು ಜನ ಸಹಿ ಹಾಕಿ, ಸಭೆಗೆ ಒಂದು ವಾರ ಮೊದಲು ಕೊಡಿ. ಒಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೂ ಕೊಟ್ಟು, ಎರಡೂ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.