ಗುಂಪಿಗೆ ಹಾಕುವ ಮೊದಲು

ನಮ್ಮ ಕ್ರೈಸ್ತ ಸಭೆಯಲ್ಲಿ ಮದುವೆ ಗೊತ್ತಾದರೆ ಮೂರು ಭಾನುವಾರ ಆರಾಧನೆಯಲ್ಲಿ ಪ್ರಕಟಣೆ ಓದುತ್ತಾರೆ. ನನ್ನ ಗೆಳತಿಯ ಮಗಳ ಹೆಸರನ್ನು ಎರಡು ಭಾನುವಾರ ಓದಿದರು. ಮೂರನೆಯ ಭಾನುವಾರ ಓದಲಿಲ್ಲ. ಅವರ ಮನೆಯವರು ಕೂರುವ ಬೆಂಚು ಖಾಲಿ ಇತ್ತು. ಎಷ್ಟೋ ತಲೆಗಳು ಆ ಕಡೆ ತಿರುಗಿದವು, ನನ್ನದೂ ಸೇರಿ.

ಸಂಜೆ ಅವರ ಮನೆಗೆ ಹೋದೆ. ಗೆಳತಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಸಂಬಂಧ ಮುರಿದ ಕಾರಣ ಹೇಳಿದಳು. ಮಗಳ ಆರೋಗ್ಯಕ್ಕೆ ಸೇರಿದ ವಿಷಯ. ನಾನೂ ಅತ್ತೆ. ಮನೆಗೆ ಬಂದವಳೇ ಮಹಿಳಾ ಸಂಘದ ವಾಟ್ಸಾಪ್ ಗುಂಪಿಗೆ ಪ್ರಾರ್ಥನಾ ವಿನಂತಿ ಹಾಕಿದೆ. ಹೆಸರು, ಕಾರಣ, ಎಲ್ಲ. ಕೊನೆಗೆ "ನಮ್ಮಲ್ಲೇ ಇರಲಿ, ಪ್ರಾರ್ಥನೆಗೆ ಮಾತ್ರ" ಅಂತ ಬೇರೆ ಸೇರಿಸಿದ್ದೆ. 40 ಜನರ ಗುಂಪಿನಲ್ಲಿ ಗುಟ್ಟು! ಕೈಮುಗಿದ ಎಮೋಜಿಗಳು ಸಾಲಾಗಿ ಬಂದವು. ನನಗೆ ಸಮಾಧಾನವಾಯಿತು. ಬುಧವಾರದ ಹೊತ್ತಿಗೆ ಬೇರೆ ಊರಿನ ನೆಂಟರೊಬ್ಬರು ಗೆಳತಿಗೆ ಫೋನ್ ಮಾಡಿ ಮಗಳ ಕಾಯಿಲೆ ವಿಚಾರಿಸಿದರು.

ಅವತ್ತೇ ಹುಡುಗಿ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡಲಿಲ್ಲ, ಹೊಸ್ತಿಲು ದಾಟಲಿಲ್ಲ.

"ಆಂಟಿ, ನೀವು ಪ್ರಾರ್ಥನೆ ಮಾಡಿದ್ದು ದೇವರ ಹತ್ತಿರಾನಾ, ಗುಂಪಿನ ಹತ್ತಿರಾನಾ?"

ಅಷ್ಟು ಕೇಳಿ ಹೊರಟೇಹೋದಳು. ನನಗೆ ಮೊದಲು ಬಂದದ್ದು ಕೋಪ. ಇವಳಿಗೋಸ್ಕರ ನಾನು ರಾತ್ರಿ ಮೊಣಕಾಲೂರಿದ್ದೆನಲ್ಲ! ನಾಚಿಕೆ ಬರಲು ಎರಡು ದಿನ ಬೇಕಾಯಿತು.

ಮುಂದಿನ ತಿಂಗಳು ಸಂಘದಲ್ಲಿ ಸತ್ಯವೇದ, ಅಂದರೆ ಬೈಬಲ್, ಅಧ್ಯಯನ ನಡೆಸುವ ಸರದಿ ನನ್ನದು. ಗೊತ್ತುಮಾಡಿದ್ದ ಭಾಗ ಫಿಲಿಪ್ಪಿಯವರಿಗೆ ಬರೆದ ಪತ್ರ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿ ಅನ್ನುವ ಊರಿನ ಸಭೆಗೆ ಬರೆದದ್ದು. ಫಿಲಿಪ್ಪಿಯವರಿಗೆ ಪ್ರೀತಿ ಕಡಿಮೆ ಇರಲಿಲ್ಲ. ಊದಾ ಬಟ್ಟೆ ಮಾರುತ್ತಿದ್ದ ಲುದ್ಯ ಅನ್ನುವಾಕೆ ಪೌಲನನ್ನು ಬಲವಂತ ಮಾಡಿ ಮನೆಯಲ್ಲಿ ಇಳಿಸಿಕೊಂಡದ್ದು ಇದೇ ಊರಲ್ಲಿ. ಸೆರೆಯಲ್ಲಿದ್ದವನಿಗೆ ತಮ್ಮವನೇ ಆದ ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿದವರೂ ಇವರೇ. ಅಂಥವರಿಗೂ ಪೌಲ ಕೇಳಿಕೊಳ್ಳುವುದು ಏನು? ನಿಮ್ಮ ಪ್ರೀತಿ ಇನ್ನೂ ಹೆಚ್ಚಲಿ, ಆದರೆ ಜ್ಞಾನ, ವಿವೇಕ ಜೊತೆಗಿರಲಿ ಅಂತ. ನಾವು ವಿವೇಕ ಅಂತ ಓದುವ ಕಡೆ ಗ್ರೀಕ್‌ನಲ್ಲಿರುವ ಪದ ಹೊಸ ಒಡಂಬಡಿಕೆಯಲ್ಲಿ ಇದೊಂದೇ ಕಡೆ ಬರುತ್ತದೆ. ಇಂದ್ರಿಯಗಳಿಂದ ಗ್ರಹಿಸುವುದಕ್ಕೂ ಅದೇ ಪದ. ನನಗೆ ಅದು ಅಡುಗೆಮನೆಯ ಮಾತಾಗಿ ಕೇಳಿಸಿತು. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಆ ಬೆರಳಿನ ತಿಳಿವಳಿಕೆ. ಆ ಭಾನುವಾರ ನಾನು ಅಗುಳು ಹಿಸುಕದೇ 40 ಎಲೆಗೆ ಬಡಿಸಿಬಿಟ್ಟಿದ್ದೆ.

ಎರಡನೇ ಅಧ್ಯಾಯಕ್ಕೆ ಬಂದಾಗ ಇನ್ನೊಂದು ಸಾಲು ಚುಚ್ಚಿತು. ಎಪಫ್ರೊದೀತ ಸಾಯುವಷ್ಟು ಕಾಯಿಲೆ ಬಿದ್ದಿದ್ದ. ಆದರೆ ಅವನು ಕಳವಳಪಟ್ಟದ್ದು ಕಾಯಿಲೆಗಲ್ಲ, ತಾನು ಕಾಯಿಲೆ ಬಿದ್ದ ಸುದ್ದಿ ಊರಿನವರಿಗೆ ಮುಟ್ಟಿತಲ್ಲ ಅಂತ. ಎಷ್ಟು ಸಲ ಓದಿದ್ದೇನೋ, ಈ ಸಾಲು ಕಣ್ಣಿಗೆ ಬಿದ್ದದ್ದು ಆಗಲೇ.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಯಾರಾದರೂ ಕಷ್ಟ ಹೇಳಿಕೊಂಡರೆ ಅಲ್ಲೇ ಕೇಳುತ್ತೇನೆ: "ಇದು ನನ್ನ ಹತ್ತಿರ ಇರಲಾ, ಗುಂಪಿಗೆ ಹೇಳಲಾ?" ಶುರುವಿನಲ್ಲಿ ಬಾಯಿಗೆ ಬರುತ್ತಿರಲಿಲ್ಲ, ಏನೋ ಫಾರ್ಮ್ ತುಂಬಿಸಿದ ಹಾಗೆ ಅನ್ನಿಸುತ್ತಿತ್ತು. ಆದರೆ ಬೇಡ ಅನ್ನುವವರೇ ಜಾಸ್ತಿ. ಇಷ್ಟು ವರ್ಷ ಯಾರೂ ಅವರನ್ನು ಕೇಳಿರಲೇ ಇಲ್ಲ. ಹೇಳಬೇಡಿ ಅಂದವರ ಹೆಸರಿನ ಮೊದಲ ಅಕ್ಷರ ಮಾತ್ರ ಒಂದು ಹಳೇ ಡೈರಿಯಲ್ಲಿ ಬರೆದಿಟ್ಟು ಬೆಳಿಗ್ಗೆ ಕಾಫಿಗೆ ಮುಂಚೆ ಪ್ರಾರ್ಥಿಸುತ್ತೇನೆ. ಒಂದು ಸಲ 'ಸ' ಯಾರು ಅಂತ ನನಗೇ ಮರೆತುಹೋಗಿತ್ತು. ದೇವರಿಗೆ ಗೊತ್ತಿರುತ್ತೆ ಅಂತ ಮುಂದುವರಿಸಿದೆ.

ಸಾವಿನ ಮನೆಯಲ್ಲೂ ಬಾಯಿಗೆ ಬೀಗ ಹಾಕುವುದನ್ನು ಕಲಿತೆ. "ದೇವರ ಚಿತ್ತ" ಅನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಬೈಬಲಿನಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ಸುಮ್ಮನೆ ನೆಲದ ಮೇಲೆ ಕೂತಿದ್ದರು. ಬಾಯಿ ತೆರೆದ ಮೇಲೆಯೇ ಅವರು ಕೆಟ್ಟದ್ದು. ಈಗ ಸುಮ್ನೆ ಹೋಗಿ, ಪಾತ್ರೆ ತೊಳೆದಿಟ್ಟು ಬರುತ್ತೇನೆ.

ದುಡ್ಡಿನ ವಿಷಯದಲ್ಲಿ ಇನ್ನೂ ಎಡವುತ್ತೇನೆ. ನನ್ನ ತಮ್ಮನೊಬ್ಬ ತಿಂಗಳ ಕೊನೆಗೆ ಬಂದು ಮಕ್ಕಳ ಫೀಸ್ ಅಂತ ಕೇಳುತ್ತಿದ್ದ. ಅದು ಫೀಸಿಗೆ ಹೋಗುತ್ತಿರಲಿಲ್ಲ. ಗೊತ್ತಿದ್ದೂ ಕೊಡುತ್ತಿದ್ದೆ, ಇಲ್ಲ ಅಂದರೆ ಒಳ್ಳೆ ಅಕ್ಕ ಅನ್ನಿಸಿಕೊಳ್ಳಲ್ಲವಲ್ಲ. ಪೌಲ ಗಲಾತ್ಯದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಒಬ್ಬರ ಭಾರ ಒಬ್ಬರು ಹೊರಿರಿ ಅಂತ ಎರಡನೇ ವಚನ ಹೇಳಿದರೆ, ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು ಅಂತ ಐದನೆಯದು ಹೇಳುತ್ತದೆ. ಇವನದು ಯಾವುದು? ಕಡೆಗೆ ಶಾಲೆಗೇ ಹೋಗಿ ಫೀಸ್ ಕಟ್ಟಿ ರಸೀದಿ ತಂದೆ. ತಮ್ಮ ಎರಡು ತಿಂಗಳು ಮಾತು ಬಿಟ್ಟ. ಮಾತು ಬಿಟ್ಟದ್ದಕ್ಕೆ ಆಮೇಲೆ ಒಮ್ಮೆ ಕೈಗೂ ಕೊಟ್ಟೆ. ಅದು ತಪ್ಪೇ.

ಇದರ ಇನ್ನೊಂದು ತುದಿಗೂ ಹೋಗಿ ಬಂದಿದ್ದೇನೆ. ಸಭೆಯ ಒಬ್ಬರ ಯಜಮಾನರು ಐಸಿಯುನಲ್ಲಿದ್ದರು. ನಾನು ಬಲು ಜಾಣೆಯ ಹಾಗೆ ಫೋನ್ ಮಾಡಿ "ಏನು ಬೇಕು ಹೇಳಿ, ಬರಲಾ, ಬೇಡ್ವಾ?" ಅಂತ ದಿನಾ ಕೇಳಿದೆ. ಅವರು ಸಂಕೋಚಕ್ಕೆ ಏನೂ ಬೇಡ ಅಂದರು. ನಾನು ಹೋಗಲಿಲ್ಲ. ಗುಣವಾಗಿ ಬಂದ ಮೇಲೆ ಆಯಮ್ಮ ಸಿಕ್ಕಾಗ ಅಂದರು: "ಸಿಸ್ಟರ್, ನೀವು ಕೇಳ್ತಾನೇ ಇದ್ರಿ. ಎದುರುಮನೆಯವರು ಕೇಳಲಿಲ್ಲ, ಇಡ್ಲಿ ತಂದು ಕೈಗಿಟ್ಟು ಹೋದ್ರು." ಕೇಳುವುದು ನನಗೆ ಆರಾಮ ಕುರ್ಚಿಯಾಗಿತ್ತು. ಈಗ ಮೊದಲು ಹೋಗುತ್ತೇನೆ, ಮುಖ ನೋಡುತ್ತೇನೆ, ಕೇಳಬೇಕೆನಿಸಿದರೆ ಆಮೇಲೆ ಕೇಳುತ್ತೇನೆ.

ಗೆಳತಿಯ ಮಗಳ ಹತ್ತಿರ ಕ್ಷಮೆ ಕೇಳಿದ್ದೆ. ಗುಂಪಿನಲ್ಲೂ ತಪ್ಪು ಒಪ್ಪಿಕೊಂಡೆ, ಈ ಸಲ ಏನು ಬರೆಯುತ್ತೇನೆ ಅಂತ ಅವಳಿಗೆ ತೋರಿಸಿಯೇ. "ಸರಿ ಆಂಟಿ" ಅಂದಳು, ಆದರೆ ಒಂದು ವರ್ಷ ನನ್ನ ಮನೆಗೆ ಬರಲಿಲ್ಲ. ಕಳೆದ ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದು, ಮೊರ ಎಳೆದುಕೊಂಡು ನನ್ನ ಜೊತೆ ಕಾಯಿ ಸುಲಿಯುತ್ತಾ ಕೂತಳು. ಅರ್ಧ ಮೊರ ಖಾಲಿಯಾಗುವ ಹೊತ್ತಿಗೆ ಒಂದು ವಿಷಯ ಹೇಳಿದಳು.

ಇದನ್ನು ಬರೆಯುತ್ತೇನೆ ಅಂದಾಗ ಮುರಿದ ಮದುವೆಯ ಕಥೆ ಬರೆದುಕೊಳ್ಳಿ, ಕಾಯಿಲೆಯ ಹೆಸರು ಬೇಡ ಅಂದಳು. ಅವರೆಕಾಯಿ ಸುಲಿಯುವಾಗ ಹೇಳಿದ್ದನ್ನು ಬರೆಯಲಾ ಅಂತ ನಾನು ಕೇಳಲೇ ಇಲ್ಲ.