ಡೇಟಾ ಎಂಟ್ರಿ ಕಲಿಯುವುದು ಹೇಗೆ? ಮೊದಲು ಎಕ್ಸೆಲ್ ಹಾಳೆ ಸರಿ ಇರಲಿ

ಡೇಟಾ ಎಂಟ್ರಿ, ಆಫೀಸ್ ಅಸಿಸ್ಟೆಂಟ್ ಕೆಲಸಕ್ಕೆ ತಯಾರಾಗುವ ಹೆಚ್ಚಿನವರು ಟೈಪಿಂಗ್ ಸ್ಪೀಡ್ ಹಿಂದೆ ಬೀಳುತ್ತಾರೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ಎಡವುವುದು ಎಕ್ಸೆಲ್‌ನಲ್ಲಿ. ಚೆನ್ನಾಗಿ ಟೈಪ್ ಮಾಡುವವರೂ ಅಲ್ಲಿ ಎಡವುವುದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

1. ಟೈಪಿಂಗ್: ಎಡಗೈ ಬೆರಳುಗಳು ಎ, ಎಸ್, ಡಿ, ಎಫ್ ಮೇಲೆ, ಬಲಗೈ ಬೆರಳುಗಳು ಜೆ, ಕೆ, ಎಲ್, ಸೆಮಿಕೋಲನ್ ಮೇಲೆ ಇರಲಿ. ಎಫ್ ಮತ್ತು ಜೆ ಕೀಗಳ ಮೇಲಿನ ಸಣ್ಣ ಉಬ್ಬುಗೆರೆ ಇರುವುದೇ ಕೀಬೋರ್ಡ್ ನೋಡದೆ ಜಾಗ ಹಿಡಿಯಲು. ದಿನಾ ಸ್ವಲ್ಪ ಹೊತ್ತು ಅಭ್ಯಾಸ ಮಾಡಿ, ಸ್ಪೀಡ್ ತಾನಾಗಿ ಬರುತ್ತದೆ.

2. ನಂಬರ್ ಪ್ಯಾಡ್: ಮಧ್ಯದ ಬೆರಳು 5ರ ಮೇಲೆ, ತೋರುಬೆರಳು 4ರ ಮೇಲೆ, ಉಂಗುರದ ಬೆರಳು 6ರ ಮೇಲೆ. ಸೊನ್ನೆಗೆ ಹೆಬ್ಬೆರಳು, ಎಂಟರ್‌ಗೆ ಕಿರುಬೆರಳು. ಲ್ಯಾಪ್‌ಟಾಪ್‌ನಲ್ಲಿ ನಂಬರ್ ಪ್ಯಾಡ್ ಇಲ್ಲದಿದ್ದರೆ ಯುಎಸ್‌ಬಿಯದ್ದು ಒಂದು ಕೊಳ್ಳಿ. ಸುರುಳಿ ಸುತ್ತಿಡುವ ರಬ್ಬರ್ ಕೀಬೋರ್ಡ್ ಮಾತ್ರ ಬೇಡವೇ ಬೇಡ. ಕೀ ಒತ್ತಿತೋ ಇಲ್ಲವೋ ಬೆರಳಿಗೆ ಗೊತ್ತೇ ಆಗುವುದಿಲ್ಲ.

3. ಎಕ್ಸೆಲ್: ಇಲ್ಲಿ ನಿಧಾನವಾಗಿ ಓದಿ.

ಒಂದಕ್ಷರ ಟೈಪ್ ಮಾಡುವ ಮೊದಲೇ ಯಾವ ಕಾಲಂನಲ್ಲಿ ಏನು ಬರುತ್ತದೆ ಎಂದು ನೋಡಿ. ಫೋನ್ ನಂಬರ್, ಖಾತೆ ನಂಬರ್, ನೌಕರರ ಐಡಿ ಇವನ್ನೆಲ್ಲ ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ ಅಲ್ವಾ? ಆ ಕಾಲಂಗಳನ್ನು ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಹಾಕಿ. ಇಲ್ಲದಿದ್ದರೆ 00457 ಎಂದು ಹೊಡೆದದ್ದು 457 ಆಗುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 1234567890123456 ಎಂಬ 16 ಅಂಕಿಯ ನಂಬರ್ ಹಾಕಿದರೆ ಕೊನೆಯ 6 ಹೋಗಿ 0 ಬಂದು ಕೂರುತ್ತದೆ. ಆಮೇಲೆ ಟೆಕ್ಸ್ಟ್ ಮಾಡಿದರೂ ಹೋದ ಅಂಕಿ ವಾಪಸ್ ಬರುವುದಿಲ್ಲ. ಸಿಎಸ್‌ವಿ ಫೈಲನ್ನು (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿ ಉಳಿಸಿದ ಸಾದಾ ಟೆಕ್ಸ್ಟ್ ಫೈಲ್) ಡಬಲ್ ಕ್ಲಿಕ್ ಮಾಡಿ ತೆರೆದರೂ ಇದೇ ಗತಿ. ಅದನ್ನು ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಆ ಕಾಲಂಗಳಿಗೆ ಟೆಕ್ಸ್ಟ್ ಆರಿಸಿಕೊಳ್ಳಿ.

ತಾರೀಖು ಇನ್ನೂ ಕಷ್ಟ. ಕಂಪ್ಯೂಟರ್ ತಿಂಗಳನ್ನು ಮೊದಲು ಓದುವ ಸೆಟ್ಟಿಂಗ್‌ನಲ್ಲಿದ್ದು, ನೀವು ದಿನ ಮೊದಲು ಬರೆಯುತ್ತಿದ್ದೀರಿ ಎಂದುಕೊಳ್ಳಿ. 13/4/2025 ಎಂದು ಹೊಡೆದರೆ ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ಅದು ಬರೀ ಅಕ್ಷರವಾಗಿ ಉಳಿದು ಸೆಲ್‌ನ ಎಡಕ್ಕೆ ನಿಲ್ಲುತ್ತದೆ. 12/4/2025 ಮಾತ್ರ ಸದ್ದಿಲ್ಲದೆ ಡಿಸೆಂಬರ್ 4 ಆಗಿ ಬಲಕ್ಕೆ ನಿಲ್ಲುತ್ತದೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಚೆಂದ ಕಾಣಲಿ ಅಂತ ಎಲ್ಲವನ್ನೂ ಸೆಂಟರ್ ಮಾಡಿದರೆ ಈ ಸುಳಿವೇ ಮುಚ್ಚಿಹೋಗುತ್ತದೆ. 2025-04-12 ಎಂದು ವರ್ಷ ಮೊದಲಿಟ್ಟು ಬರೆಯಿರಿ, ಗೊಂದಲವೇ ಇಲ್ಲ.

ಹಲವು ಸೆಲ್‌ಗಳನ್ನು ಒಂದಾಗಿಸುವ ಮರ್ಜ್ ಸೆಲ್ ಬಟನ್ ಮುಟ್ಟಲೇಬೇಡಿ. ಆಮೇಲೆ ಸಾಲುಗಳನ್ನು ಸಾರ್ಟ್ ಮಾಡಲು, ಅಂದರೆ ಕ್ರಮವಾಗಿ ಜೋಡಿಸಲು ಹೋದರೆ ಎಕ್ಸೆಲ್ ತಕರಾರು ತೆಗೆಯುತ್ತದೆ. ಇಲಾಖೆ, ಊರು ಮೊದಲಾದ ಕಾಲಂಗಳಿಗೆ ಡೇಟಾ ವ್ಯಾಲಿಡೇಶನ್‌ನಲ್ಲಿ (ಸೆಲ್‌ನಲ್ಲಿ ಏನು ಬರಬಹುದು ಎಂದು ಕಟ್ಟುಹಾಕುವ ಸೌಲಭ್ಯ) ಪಟ್ಟಿ ಕೊಟ್ಟುಬಿಡಿ. ಒಂದೇ ಹೆಸರು ನಾಲ್ಕು ಥರ ಬರುವುದು ತಪ್ಪುತ್ತದೆ. ಒಂದು ಸಾಲು ತುಂಬುವಾಗ ಬಲಕ್ಕೆ ಹೋಗಲು ಟ್ಯಾಬ್ ಒತ್ತಿ, ಕೊನೆಗೆ ಎಂಟರ್ ಒತ್ತಿ. ಕರ್ಸರ್ ತಾನಾಗಿ ಮುಂದಿನ ಸಾಲಿನ ಶುರುವಿಗೆ ಬರುತ್ತದೆ. ಮೌಸ್ ಹಿಡಿಯುವ ಕೆಲಸವೇ ಇಲ್ಲ.

4. ತಾಳೆ ನೋಡುವುದು: ಸುಮ್ನೆ ಇನ್ನೊಂದು ಸಲ ಕಣ್ಣಾಡಿಸಿದರೆ ಸಾಲದು. ಕಾಗದದಲ್ಲಿರುವ ಮೊತ್ತಗಳನ್ನು ಕ್ಯಾಲ್ಕುಲೇಟರ್‌ನಲ್ಲಿ ಕೂಡಿ, ಹಾಳೆಯ ಮೊತ್ತದ ಜೊತೆ ಹೋಲಿಸಿ. ವ್ಯತ್ಯಾಸ 9ರಿಂದ ಪೂರ್ತಿ ಭಾಗವಾದರೆ ಎಲ್ಲೋ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. 54ರ ಬದಲು 45 ಹೊಡೆದರೆ ವ್ಯತ್ಯಾಸ 9, 540ರ ಬದಲು 450 ಹೊಡೆದರೆ 90. ಎರಡು ಸಲ ಬಂದ ಐಡಿ ಹುಡುಕಲು ಕೌಂಟ್‌ಇಫ್, ಹೆಸರಿನ ಹಿಂದೆ ಮುಂದೆ ಸೇರಿಕೊಂಡ ಸ್ಪೇಸ್ ತೆಗೆಯಲು ಟ್ರಿಮ್. ಈ ಎರಡು ಫಾರ್ಮುಲಾ ಬಾಯಿಪಾಠ ಆಗಿರಲಿ.

5. ಉಳಿದದ್ದು: ವರ್ಡ್‌ನಲ್ಲಿ ಸ್ಟೈಲ್ಸ್ (ಶೀರ್ಷಿಕೆ, ಪ್ಯಾರಾಗಳಿಗೆ ಒಂದೇ ಥರದ ರೂಪ ಕೊಡುವುದು) ಮತ್ತು ಮೇಲ್ ಮರ್ಜ್ (ಒಂದೇ ಪತ್ರವನ್ನು ಪಟ್ಟಿಯಲ್ಲಿರುವ ಹಲವರ ಹೆಸರಿಗೆ ತಯಾರಿಸುವುದು) ಕಲಿಯಿರಿ. ಫೈಲ್ ಹೆಸರಿನಲ್ಲಿ ತಾರೀಖು ಹಾಕಿ.

ಕೆಲಸ ಹುಡುಕುವಾಗ ಒಂದು ಎಚ್ಚರ. ‘ಮನೆಯಲ್ಲೇ ಡೇಟಾ ಎಂಟ್ರಿ, ಮೊದಲು ರಿಜಿಸ್ಟ್ರೇಶನ್ ಫೀಸ್ ಕಟ್ಟಿ’ ಎನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ, ನಿಮ್ಮ ಗುರುತಿನ ದಾಖಲೆಗಳನ್ನೂ ಕಳಿಸಬೇಡಿ.